ಪೂರ್ವದ ಕೋಣೆ ಒಳ್ಳೆಯದಾ, ಕೆಟ್ಟದ್ದಾ? ಮೂರು ಫೆಂಗ್ ಶುಯಿ ಪದ್ಧತಿಗಳನ್ನು ಜೊತೆಗಿಟ್ಟು ಮನೆ ನೋಡುವ ಬಗೆ

ಒಂದು ಮನೆ ಇದೆ ಅಂದುಕೊಳ್ಳೋಣ. 2010ರಲ್ಲಿ ಕಟ್ಟಿದ್ದು. ಮುಖ ದಕ್ಷಿಣಕ್ಕೆ, ಬೆನ್ನು ಉತ್ತರಕ್ಕೆ. ಗಂಡ ಹುಟ್ಟಿದ್ದು 1980ರಲ್ಲಿ, ಹೆಂಡತಿ 1985ರಲ್ಲಿ. ಇಬ್ಬರೂ ಮಲಗುವುದು ಪೂರ್ವದ ಕೋಣೆಯಲ್ಲಿ. ಫೆಂಗ್ ಶುಯಿ, ಅಂದರೆ ಮನೆ, ಜಾಗ ನೋಡುವ ಚೀನೀ ಪದ್ಧತಿಯಲ್ಲಿ ಹಲವು ಬಗೆ ಇವೆ. ಅದರಲ್ಲಿ 'ಎಂಟು ಮನೆ' ಪದ್ಧತಿಯವರನ್ನು ಕೇಳಿದರೆ, ಆರೋಗ್ಯಕ್ಕೆ ಈ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಕೋಣೆ ಇಲ್ಲ ಅಂತಾರೆ. 'ಹಾರುವ ನಕ್ಷತ್ರ' ಪದ್ಧತಿಯವರು ಅದೇ ಕೋಣೆ ನೋಡಿ, ಇಲ್ಲಿ ಮಲಗಿದರೆ ಕಾಯಿಲೆ ಬಿಡಲ್ಲ ಅಂತಾರೆ. ತಮಾಷೆ ಏನೆಂದರೆ ಇಬ್ಬರ ಲೆಕ್ಕವೂ ಸರಿಯಾಗಿಯೇ ಇದೆ.

ಇಂಥ ಕಡೆ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ತಮಗೆ ಇಷ್ಟವಾದ ಉತ್ತರ ಹಿಡಿದುಕೊಳ್ಳುತ್ತಾರೆ, ಇಲ್ಲವೇ ಓಟು ಎಣಿಸುತ್ತಾರೆ: ಮೂರರಲ್ಲಿ ಎರಡು ಪದ್ಧತಿ ಒಳ್ಳೆಯದು ಅಂದರೆ ಒಳ್ಳೆಯದು. ನನ್ನ ಪ್ರಕಾರ ಎರಡೂ ತಪ್ಪು. ಒಂದೊಂದು ಪದ್ಧತಿ ಕೇಳುವ ಪ್ರಶ್ನೆಯೇ ಬೇರೆ. ಕಣ್ಣಿಗೆ ಕಾಣುವ ಕಟ್ಟಡ, ರಸ್ತೆ, ಬಯಲು ನೋಡುವ ಆಕಾರ ಪದ್ಧತಿ ಕೇಳುವುದು 'ಈ ಜಾಗ ಹೇಗಿದೆ?' ಅಂತ. ಎಂಟು ಮನೆ ಕೇಳುವುದು 'ಯಾರಿಗೆ?' ಅಂತ. ಹಾರುವ ನಕ್ಷತ್ರ ಕೇಳುವುದು 'ಯಾವಾಗ?' ಅಂತ. ಇದೇ ಕ್ರಮದಲ್ಲಿ ಕೇಳುತ್ತಾ ಹೋದರೆ ಜಗಳ ಅರ್ಧ ಕಡಿಮೆಯಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾಸಿಗೆ ತಿರುಗಿಸಿದರೆ ದುಡ್ಡು ಬರುತ್ತದೆ ಅನ್ನುವುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಮೈ ಸರಿ ಇಲ್ಲದಿದ್ದರೆ ಹೋಗಬೇಕಾದ್ದು ಡಾಕ್ಟರ ಹತ್ತಿರ. ಆದರೂ ನಾನು ಇದನ್ನು ಬಿಟ್ಟಿಲ್ಲ. ಗಾಳಿ, ಬೆಳಕು, ಸದ್ದು, ಓಡಾಟ ಇವನ್ನು ಕೋಣೆ ಕೋಣೆಯಾಗಿ ಕೂತು ನೋಡುವಂತೆ ಮಾಡುವ ಇಂಥ ಇನ್ನೊಂದು ಚೌಕಟ್ಟು ನನಗೆ ಸಿಕ್ಕಿಲ್ಲ.

ಮೊದಲು ಕಣ್ಣು, ಆಮೇಲೆ ದಿಕ್ಸೂಚಿ

ದಿಕ್ಸೂಚಿ ಜೇಬಿನಲ್ಲೇ ಇರಲಿ. ಮೊದಲ ದಿನ ಸುಮ್ನೆ ನೋಡಿ.

ಫೆಂಗ್ ಅಂದರೆ ಗಾಳಿ, ಶುಯಿ ಅಂದರೆ ನೀರು. ಗಾಳಿಗೆ ಸಿಕ್ಕರೆ ಚಿ, ಅಂದರೆ ಜೀವಶಕ್ತಿ, ಚದುರುತ್ತದೆ, ನೀರಿನ ಹತ್ತಿರ ನಿಲ್ಲುತ್ತದೆ ಅನ್ನುವುದು ಮೂಲ ಮಾತು. ಚೀನಾದಲ್ಲಿ 276ರಿಂದ 324ರವರೆಗೆ ಬದುಕಿದ್ದ ಗುವೊ ಪು ಹೆಸರಿನಲ್ಲಿ ಈ ಮಾತು ಉಳಿದುಬಂದಿದೆ. ಅದು ಸಮಾಧಿಗೆ ಜಾಗ ಹುಡುಕುವ ಸಂದರ್ಭದಲ್ಲಿ ಬಂದದ್ದು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಬದುಕಿರುವವರ ಮನೆಗೂ ಅದೇ ತರ್ಕ: ಗಾಳಿ ನುಗ್ಗಿ ಹೊಡೆಯಬಾರದು, ಪೂರ್ತಿ ಸತ್ತೂ ಹೋಗಬಾರದು.

ಮುಖ್ಯ ಬಾಗಿಲಿನಲ್ಲಿ ಹೊರಗೆ ಮುಖ ಮಾಡಿ ನಿಲ್ಲಿ. ಬೆನ್ನ ಹಿಂದೆ ಕಪ್ಪು ಆಮೆ, ಅಂದರೆ ಆಸರೆ. ಬೆಟ್ಟ ಇಲ್ಲದ ಕಡೆ ಹಿಂದಿನ ಕಟ್ಟಡವೇ ಆಮೆ. ಎಡಕ್ಕೆ ಹಸಿರು ಡ್ರ್ಯಾಗನ್, ಬಲಕ್ಕೆ ಬಿಳಿ ಹುಲಿ. ಎಡದ್ದು ಬಲಕ್ಕಿಂತ ಒಂದಿಷ್ಟು ಎತ್ತರ ಇದ್ದರೆ ಒಳ್ಳೆಯದು. ಮುಂದೆ ಕೆಂಪು ಹಕ್ಕಿ, ಅಲ್ಲಿ ಬಯಲು ಬೇಕು. ಈ ಬಯಲಿಗೆ ಮಿಂಗ್ ತಾಂಗ್ ಅನ್ನುತ್ತಾರೆ, 'ಬೆಳಕಿನ ಅಂಗಳ'. ಎಡ ಬಲ ಯಾವಾಗಲೂ ಒಳಗಿನಿಂದ ಹೊರಗೆ ನೋಡುವವರ ಎಡ ಬಲ. ಇಲ್ಲಿ ತಿರುಗಾಮುರುಗಾ ಆದರೆ ಡ್ರ್ಯಾಗನ್ ಹೋಗಿ ಹುಲಿ ಆಗುತ್ತದೆ!

ಈಗ ತೊಂದರೆಗಳನ್ನು ಹುಡುಕಿ. ರಸ್ತೆ ನೇರ ಬಂದು ಬಾಗಿಲಿಗೇ ಗುದ್ದುತ್ತಿದೆಯಾ? ಎದುರು ಕಟ್ಟಡದ ಚೂಪು ಮೂಲೆ ನಿಮ್ಮ ಕಿಟಕಿ ಕಡೆಗೆ ಇದೆಯಾ? ಒಳಗೆ, ಮುಂಬಾಗಿಲಿನಿಂದ ಹಿಂಬಾಗಿಲು ನೇರ ಕಾಣುತ್ತದಾ? ಹಾಸಿಗೆಯ ಮೇಲೆ ತೊಲೆ ಹಾದುಹೋಗಿದೆಯಾ? ತಲೆಯ ಹಿಂದೆ ಗಟ್ಟಿ ಗೋಡೆ ಇದೆಯಾ? ಮಲಗಿದಲ್ಲಿಂದ ಬಾಗಿಲು ಕಾಣಬೇಕು, ಆದರೆ ಕಾಲು ಬಾಗಿಲಿನ ನೇರಕ್ಕೆ ಇರಬಾರದು.

ಒಳ್ಳೆಯ ಪರೀಕ್ಷೆ ಒಂದಿದೆ. ಒಂದು ಊದುಬತ್ತಿ ಹಚ್ಚಿ ಬಾಗಿಲ ಹತ್ತಿರ ಹಿಡಿದು, ಹೊಗೆ ಎತ್ತ ಹೋಗುತ್ತದೆ ನೋಡಿ. ಬಾಗಿಲಿಂದ ಬಾಗಿಲಿಗೆ ಒಂದೇ ಗೆರೆಯಲ್ಲಿ ಓಡಿದರೆ ಚಿ ನಿಲ್ಲುತ್ತಿಲ್ಲ ಅಂತ ಲೆಕ್ಕ. ಕೋಣೆಯ ಮೂಲೆಯಲ್ಲಿ ಹೊಗೆ ಕದಲದೆ ಗುಂಪುಗಟ್ಟಿದರೆ ಅಲ್ಲಿ ಗಾಳಿ ಆಡುತ್ತಿಲ್ಲ. ಪಂಚಾಂಗ, ಸಂಖ್ಯೆ ಏನೂ ಬೇಡ, ಹೊಗೆಯೇ ಹೇಳುತ್ತದೆ. ಕಂಡದ್ದನ್ನೆಲ್ಲ ಕೋಣೆವಾರು ಬರೆದಿಡಿ.

ನಕ್ಷೆ, ಮತ್ತು ಮನೆಯ ನಟ್ಟನಡು

ಮನೆಯ ನಕ್ಷೆಯನ್ನು ಅಳತೆಗೆ ಸರಿಯಾಗಿ ದಪ್ಪ ರಟ್ಟಿನ ಮೇಲೆ ಬರೆದು, ಹೊರ ಅಂಚಿಗೆ ಕತ್ತರಿಸಿ. ಅಂದಾಜಿನ ನಕ್ಷೆ ಬೇಡ, ಟೇಪು ಹಿಡಿದು ಅಳೆಯಿರಿ. ಮನೆ ಸರಿಯಾದ ಚೌಕ ಅಥವಾ ಆಯತ ಆಗಿದ್ದರೆ ಎರಡು ಕರ್ಣ ಎಳೆದರೆ ಸಾಕು, ಕೂಡುವ ಜಾಗವೇ ನಡು. ಮೂಲೆ ಕತ್ತರಿಸಿದಂತೆ ಇದ್ದರೆ ರಟ್ಟನ್ನು ಪೆನ್ಸಿಲ್ ತುದಿಯ ಮೇಲೆ ಇಟ್ಟು ಆಚೀಚೆ ಸರಿಸಿ. ಅದು ಬೀಳದೆ ಸಮತೂಕದಲ್ಲಿ ನಿಂತ ಜಾಗಕ್ಕೆ ಚುಕ್ಕೆ ಹಾಕಿ. ಎರಡು ಮೂರು ಸಲ ಬೀಳುತ್ತದೆ, ಬೇಜಾರಾಗಬೇಡಿ. ದಿಕ್ಕುಗಳನ್ನು ಈ ಚುಕ್ಕೆಯಿಂದ ಎಳೆಯುವುದು, ಬಾಗಿಲಿನಿಂದ ಅಲ್ಲ.

ನಡುವಿನಿಂದ ಎಂಟು ಹೋಳು ಮಾಡುವವರಿದ್ದಾರೆ, ಒಂಬತ್ತು ಚೌಕ ಹಾಕುವವರೂ ಇದ್ದಾರೆ. ನಾನು ಹೋಳು ಮಾಡುತ್ತೇನೆ, ಒಂದೊಂದಕ್ಕೂ 45 ಡಿಗ್ರಿ. ಯಾವುದನ್ನು ಹಿಡಿದರೂ ಕೊನೆತನಕ ಅದನ್ನೇ ಹಿಡಿಯಿರಿ.

ಇಲ್ಲೇ ಒಂದು ಎಚ್ಚರಿಕೆ. ಬಾಗಿಲಿನಲ್ಲಿ ನಿಂತು 'ದೂರದ ಎಡ ಮೂಲೆ ಸಂಪತ್ತಿನದು' ಅನ್ನುವ ಮಾತು ನೀವು ಕೇಳಿರುತ್ತೀರಿ. ಅದು ಲಿನ್ ಯುನ್ ಅನ್ನುವವರು ಅಮೆರಿಕದಲ್ಲಿ ಹರಡಿದ 'ಕಪ್ಪು ಟೋಪಿ' ಪಂಥದ ರೀತಿ. ಅದರಲ್ಲಿ ದಿಕ್ಸೂಚಿಗೆ ಕೆಲಸವೇ ಇಲ್ಲ, ಬಾಗಿಲೇ ಎಲ್ಲ. ಅದನ್ನು ದಿಕ್ಸೂಚಿಯ ಪದ್ಧತಿಗಳ ಜೊತೆ ಕಲಸಿದರೆ ಒಂದೇ ಮೂಲೆಗೆ ಎರಡು ಹೆಸರು ಬರುತ್ತದೆ. ಈ ಲೇಖನದಲ್ಲಿ ಅದನ್ನು ಪಕ್ಕಕ್ಕಿಟ್ಟಿದ್ದೇನೆ.

ಡಿಗ್ರಿ ತೆಗೆಯುವುದು: ಅರ್ಧ ಕೆಲಸ ಕೆಡುವುದು ಇಲ್ಲೇ

ಮೊದಲು ಮನೆಯ ಮುಖ ಯಾವುದು ಅಂತ ಗೊತ್ತಾಗಬೇಕು. ಬಾಗಿಲು ಇರುವ ಕಡೆಯೇ ಮುಖ ಅಂತೇನಿಲ್ಲ. ಬೆಳಕು, ಬಯಲು, ರಸ್ತೆ, ಓಡಾಟ ಜಾಸ್ತಿ ಇರುವ ಕಡೆ ಮುಖ. ಬಹಳ ಮನೆಗಳಲ್ಲಿ ಎರಡೂ ಒಂದೇ ಆಗಿರುತ್ತದೆ. ಫ್ಲಾಟ್ ಆದರೆ ಬಲ್ಲವರಲ್ಲೇ ಒಮ್ಮತ ಇಲ್ಲ. ಕೆಲವರು ಇಡೀ ಕಟ್ಟಡದ ಮುಖ ಹಿಡಿಯುತ್ತಾರೆ, ಕೆಲವರು ಆ ಫ್ಲಾಟಿನ ಬಾಲ್ಕನಿ ಹಿಡಿಯುತ್ತಾರೆ. ನಾನು ಮೊದಲು ಕಟ್ಟಡದ್ದು ತೆಗೆದು ನೋಡುತ್ತೇನೆ.

ಇನ್ನು ಡಿಗ್ರಿ. ಚೀನೀ ದಿಕ್ಸೂಚಿಗೆ ಲುವೊಪಾನ್ ಅನ್ನುತ್ತಾರೆ. ಅದರಲ್ಲಿ 360 ಡಿಗ್ರಿಯನ್ನು 24 ಪಾಲು ಮಾಡಿರುತ್ತಾರೆ, ಒಂದೊಂದು 15 ಡಿಗ್ರಿ. ಈ ಪಾಲಿಗೆ 'ಬೆಟ್ಟ' ಅಂತ ಹೆಸರು. ಅಂದರೆ ದಿಕ್ಕೊಂದಕ್ಕೆ ಮೂರು ಬೆಟ್ಟ. ದಕ್ಷಿಣವನ್ನೇ ತೆಗೆದುಕೊಳ್ಳಿ: 157.5ರಿಂದ 172.5 ಮೊದಲನೆಯದು, 187.5ರವರೆಗೆ ಎರಡನೆಯದು, 202.5ರವರೆಗೆ ಮೂರನೆಯದು. ಲುವೊಪಾನ್ ಇಲ್ಲದಿದ್ದರೆ ಡಿಗ್ರಿ ತೋರಿಸುವ ಸಾದಾ ದಿಕ್ಸೂಚಿ ಆಗುತ್ತದೆ. ಮೊಬೈಲನ್ನು ನಂಬಲೇಬೇಕಾದರೆ ಕವರ್ ತೆಗೆದು ಹಿಡಿಯಿರಿ. ಕವರಿನಲ್ಲಿ ಅಯಸ್ಕಾಂತ ಇದ್ದರೆ ಮುಗಿಯಿತು ಕಥೆ.

ನನ್ನದೇ ಎಡವಟ್ಟು ಹೇಳುತ್ತೇನೆ. ಒಮ್ಮೆ ಸ್ನೇಹಿತರ ಮನೆಯಲ್ಲಿ ಕಬ್ಬಿಣದ ಗ್ರಿಲ್ ಬಾಗಿಲಿಗೆ ಒರಗಿಕೊಂಡೇ ಡಿಗ್ರಿ ತೆಗೆದೆ. 171 ಬಂತು. ಮನೆಗೆ ಬಂದು ಪಟ್ಟಿ ಬರೆದೆ, ಸಲಹೆಯನ್ನೂ ಕೊಟ್ಟೆ. ಯಾಕೋ ಅನುಮಾನ ಬಂದು ಮರುದಿನ ಹೋಗಿ ಬಾಗಿಲಿನಿಂದ ನಾಲ್ಕು ಹೆಜ್ಜೆ ಹೊರಗೆ ನಿಂತು ನೋಡಿದರೆ 178! ಏಳು ಡಿಗ್ರಿ ಏನು ಮಹಾ ಅನಿಸಬಹುದು. ಆದರೆ 172.5ರ ಗೆರೆ ದಾಟಿತ್ತು, ಬೆಟ್ಟವೇ ಬದಲಾಗಿತ್ತು, ಪಟ್ಟಿ ಪೂರ್ತಿ ತಿರುಗಿತ್ತು. ಹೇಗೆ ಅನ್ನುವುದನ್ನು ಮುಂದೆ ತೋರಿಸುತ್ತೇನೆ. ಅಂದಿನಿಂದ ಮೂರು ಜಾಗದಲ್ಲಿ ನಿಂತು ತೆಗೆಯುತ್ತೇನೆ. ಕಾರು, ಗೇಟು, ಸರಳುಗಳಿಂದ ದೂರ. ಮೂರೂ ಒಂದೆರಡು ಡಿಗ್ರಿ ಒಳಗೆ ಬಂದರೆ ಸರಾಸರಿ. ಇಲ್ಲದಿದ್ದರೆ ಏನೋ ಎಳೆಯುತ್ತಿದೆ ಅಂತ ಅರ್ಥ, ಜಾಗ ಬದಲಿಸಬೇಕು.

ನಮ್ಮ ಉದಾಹರಣೆಯ ಮನೆಗೆ 178 ಅಂತಲೇ ಇಟ್ಟುಕೊಳ್ಳೋಣ.

ಯಾರಿಗೆ? ಎಂಟು ಮನೆ ಪದ್ಧತಿ

ಇದು ಸುಲಭ. ಹುಟ್ಟಿದ ವರ್ಷದಿಂದ ಗುವಾ ಸಂಖ್ಯೆ ತೆಗೆಯಬೇಕು, ಅಂದರೆ ಯಾರಿಗೆ ಯಾವ ದಿಕ್ಕು ಒಪ್ಪುತ್ತದೆ ಅಂತ ಹೇಳುವ ಸಂಖ್ಯೆ. ವರ್ಷದ ಕೊನೆಯ ಎರಡು ಅಂಕಿ ಕೂಡಿಸಿ, ಒಂದೇ ಅಂಕಿ ಆಗುವವರೆಗೆ. 2000ಕ್ಕಿಂತ ಮೊದಲು ಹುಟ್ಟಿದ ಗಂಡಸಾದರೆ ಅದನ್ನು 10ರಿಂದ ಕಳೆಯಿರಿ, ಹೆಂಗಸಾದರೆ ಅದಕ್ಕೆ 5 ಕೂಡಿಸಿ. 2000 ಮತ್ತು ಆಮೇಲೆ ಹುಟ್ಟಿದವರಿಗೆ 9ರಿಂದ ಕಳೆಯುವುದು, 6 ಕೂಡಿಸುವುದು. ಉತ್ತರ ಎರಡಂಕಿ ಬಂದರೆ ಮತ್ತೆ ಕೂಡಿಸಿ ಒಂದು ಅಂಕಿ ಮಾಡಿ. ಸೊನ್ನೆ ಬಂದರೆ 9 ಅಂತ ಹಿಡಿಯಿರಿ. 5 ಬಂದರೆ ಗಂಡಸಿಗೆ 2, ಹೆಂಗಸಿಗೆ 8. ಲೆಕ್ಕದ ವರ್ಷ ಶುರುವಾಗುವುದು ಫೆಬ್ರವರಿ 4ರ ಆಸುಪಾಸು. ಜನವರಿಯಲ್ಲಿ ಹುಟ್ಟಿದವರು ಹಿಂದಿನ ವರ್ಷ ಹಿಡಿಯಬೇಕು. ಇದನ್ನು ಮರೆಯುವವರೇ ಜಾಸ್ತಿ.

ನಮ್ಮ ಗಂಡ: 8+0=8, 10-8=2. ಹೆಂಡತಿ: 8+5=13, 1+3=4, 4+5=9. 1, 3, 4, 9 ಪೂರ್ವದ ಗುಂಪು. 2, 6, 7, 8 ಪಶ್ಚಿಮದ ಗುಂಪು. ಹೆಂಡತಿ ಪೂರ್ವ, ಗಂಡ ಪಶ್ಚಿಮ. ಪೂರ್ವದವರಿಗೆ ಪೂರ್ವ, ಆಗ್ನೇಯ, ಉತ್ತರ, ದಕ್ಷಿಣ ಒಳ್ಳೆಯದು. ಪಶ್ಚಿಮದವರಿಗೆ ಉಳಿದ ನಾಲ್ಕು. ಅಂದರೆ ಈ ದಂಪತಿಗೆ ಇಬ್ಬರಿಗೂ ಒಪ್ಪುವ ದಿಕ್ಕು ಒಂದೂ ಇಲ್ಲ! ಗಾಬರಿ ಬೇಡ, ಇದು ಎಷ್ಟೋ ಮನೆಗಳಲ್ಲಿ ಹೀಗೇ.

ಮನೆಗೂ ಗುವಾ ಇದೆ, ಅದು ಬೆನ್ನಿನ ದಿಕ್ಕಿನಿಂದ ಬರುತ್ತದೆ. ಬೆನ್ನು ಉತ್ತರಕ್ಕೆ ಇದ್ದರೆ ಅದು ಕಾನ್ ಮನೆ. ಕಾನ್ ಮನೆಯಲ್ಲಿ ಆಗ್ನೇಯ ಶೆಂಗ್ ಚಿ, ಏಳಿಗೆಯ ಜಾಗ. ಪೂರ್ವ ತಿಯಾನ್ ಯಿ, ಗುಣವಾಗುವ ಜಾಗ. ದಕ್ಷಿಣ ಯಾನ್ ನಿಯಾನ್, ಸಂಬಂಧಗಳದು. ಉತ್ತರ ಫು ವೇಯ್, ಸದ್ದಿಲ್ಲದ ನೆಮ್ಮದಿ. ಕೆಟ್ಟವು ಪಶ್ಚಿಮ, ಈಶಾನ್ಯ, ವಾಯವ್ಯ, ಎಲ್ಲಕ್ಕಿಂತ ಕೆಟ್ಟದ್ದು ನೈಋತ್ಯ. ಪೂರ್ವದ ಕೋಣೆ ಆರೋಗ್ಯಕ್ಕೆ ಒಳ್ಳೆಯದು ಅಂದದ್ದು ಇದನ್ನು ನೋಡಿ. ಹೆಂಡತಿಗಂತೂ ಪೂರ್ವವೇ ಶೆಂಗ್ ಚಿ.

ಈ ಪದ್ಧತಿಯಲ್ಲಿ ಎಲ್ಲ ಕೋಣೆಗೂ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಬಾಗಿಲು, ಮುಖ್ಯ ಮಲಗುವ ಕೋಣೆ, ಒಲೆ, ಈ ಮೂರು ನೋಡಿದರೆ ಸಾಕು. ಒಲೆಗೆ ಮಾತ್ರ ನಿಯಮ ಉಲ್ಟಾ: ಒಲೆ ಕೆಟ್ಟ ಜಾಗದಲ್ಲಿ ಕೂತು ಅದನ್ನು ಸುಡಬೇಕು, ಅದರ ಮುಖ ಒಳ್ಳೆಯ ದಿಕ್ಕಿಗೆ ಇರಬೇಕು.

ಯಾವಾಗ? ಹಾರುವ ನಕ್ಷತ್ರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಾಗದ ಪೆನ್ಸಿಲ್ ಹಿಡಿದರೆ ಇನ್ನೂ ಒಳ್ಳೆಯದು.

ಕಾಲವನ್ನು 20 ವರ್ಷದ ಒಂಬತ್ತು ಅವಧಿ ಮಾಡಿದ್ದಾರೆ, ಒಟ್ಟು 180 ವರ್ಷ. 1984ರಿಂದ 2003 ಏಳನೆಯದು. 2004ರಿಂದ 2023 ಎಂಟನೆಯದು. 2024ರ ಫೆಬ್ರವರಿಯಿಂದ ಒಂಬತ್ತನೆಯದು ನಡೆಯುತ್ತಿದೆ, 2043 ಅದರ ಕೊನೆಯ ವರ್ಷ. ನಮ್ಮ ಮನೆ 2010ರದ್ದು, ಆದ್ದರಿಂದ ಎಂಟನೇ ಅವಧಿಯ ಮನೆ.

ಈ ಪದ್ಧತಿಯಲ್ಲಿ ನಕ್ಷತ್ರ ಅಂದರೆ 1ರಿಂದ 9ರವರೆಗಿನ ಸಂಖ್ಯೆ. ಬೇರೆ ಕಾಗದದಲ್ಲಿ ಒಂಬತ್ತು ಚೌಕ ಬರೆದು ನಡುವೆ ಅವಧಿಯ ಸಂಖ್ಯೆ 8 ಬರೆಯಿರಿ. ಅಲ್ಲಿಂದ ಸಂಖ್ಯೆ ಏರುತ್ತಾ ಈ ದಾರಿಯಲ್ಲಿ ಹೋಗುತ್ತದೆ: ನಡು, ವಾಯವ್ಯ, ಪಶ್ಚಿಮ, ಈಶಾನ್ಯ, ದಕ್ಷಿಣ, ಉತ್ತರ, ನೈಋತ್ಯ, ಪೂರ್ವ, ಆಗ್ನೇಯ. 9 ಆದ ಮೇಲೆ ಮತ್ತೆ 1. ಹೀಗೆ ಬರೆದರೆ ಉತ್ತರದಲ್ಲಿ 4, ದಕ್ಷಿಣದಲ್ಲಿ 3 ಬರುತ್ತದೆ. ಬೆನ್ನಿನ ಕಡೆಯ 4ನ್ನು ನಡುವಿನ ಚೌಕದ ಎಡಕ್ಕೆ ತನ್ನಿ, ಇದು ಬೆಟ್ಟದ ನಕ್ಷತ್ರ. ಮುಖದ ಕಡೆಯ 3ನ್ನು ಬಲಕ್ಕೆ ತನ್ನಿ, ಇದು ನೀರಿನ ನಕ್ಷತ್ರ. ಬೆಟ್ಟದ್ದು ಜನರಿಗೆ, ಆರೋಗ್ಯಕ್ಕೆ. ನೀರಿನದ್ದು ಹಣಕ್ಕೆ.

ಈಗ ಎರಡನ್ನೂ ಅದೇ ದಾರಿಯಲ್ಲಿ ಹಾರಿಸಬೇಕು, ಒಂದು ಏರುತ್ತಾ ಹೋಗಬಹುದು, ಇನ್ನೊಂದು ಇಳಿಯುತ್ತಾ. ನಡುವಿಗೆ ತಂದ ಸಂಖ್ಯೆ ಬೆಸ ಆದರೆ ಮೊದಲ ಬೆಟ್ಟಕ್ಕೆ (ಮೇಲೆ ಹೇಳಿದ 15 ಡಿಗ್ರಿಯ ಪಾಲಿಗೆ) ಏರಿಕೆ, ಎರಡು ಮೂರನೆಯದಕ್ಕೆ ಇಳಿಕೆ. ಸಮ ಆದರೆ ಮೊದಲನೆಯದಕ್ಕೆ ಇಳಿಕೆ, ಉಳಿದೆರಡಕ್ಕೆ ಏರಿಕೆ. 5 ಬಂದರೆ ಅವಧಿಯ ಸಂಖ್ಯೆ ಸಮವೋ ಬೆಸವೋ ನೋಡಿ. 178 ಡಿಗ್ರಿ ಎರಡನೇ ಬೆಟ್ಟ. ಹಾಗಾಗಿ 4 ಏರುತ್ತದೆ, 3 ಇಳಿಯುತ್ತದೆ. ಬೆಟ್ಟ ಮೊದಲು, ನೀರು ಆಮೇಲೆ ಬರೆದರೆ ಸಿಗುವುದು ಇಷ್ಟು: ದಕ್ಷಿಣ 8-8, ಉತ್ತರ 9-7, ಪೂರ್ವ 2-5, ಪಶ್ಚಿಮ 6-1, ಆಗ್ನೇಯ 3-4, ನೈಋತ್ಯ 1-6, ಈಶಾನ್ಯ 7-9, ವಾಯವ್ಯ 5-2.

2 ಕಾಯಿಲೆಯ ನಕ್ಷತ್ರ, 5 ಅವಘಡದ್ದು. ಎರಡೂ ಸೇರಿ ಪೂರ್ವದಲ್ಲಿ ಕೂತಿವೆ. ಜಗಳ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು ಅಲ್ವಾ? ಈಗ ನನ್ನ 171ಕ್ಕೆ ವಾಪಸ್ ಬನ್ನಿ. ಅದು ಮೊದಲ ಬೆಟ್ಟ. ಅಲ್ಲಿ 4 ಇಳಿಯುತ್ತದೆ, 3 ಏರುತ್ತದೆ. ಆಗ ಪೂರ್ವದಲ್ಲಿ ಬರುವುದು 6-1, ಚಂದದ ಜೋಡಿ. 2-5 ಹೋಗಿ ಪಶ್ಚಿಮದಲ್ಲಿ ಕೂರುತ್ತದೆ. ಗ್ರಿಲ್ ಬಾಗಿಲಿಗೆ ಒರಗಿದ್ದಕ್ಕೆ ಇಷ್ಟು ಬೆಲೆ.

ಮೂರನ್ನೂ ಒಂದು ಹಾಳೆಗೆ ತರುವುದು

ರಟ್ಟಿನ ನಕ್ಷೆಯ ಮೇಲೆ ಮೂರು ಬಣ್ಣದಲ್ಲಿ ಬರೆಯಿರಿ: ಕಣ್ಣಿಗೆ ಕಂಡದ್ದು, ಎಂಟು ಮನೆ, ನಕ್ಷತ್ರ. ಮೂರೂ ಒಪ್ಪುವ ಕೋಣೆಗಳ ಬಗ್ಗೆ ಯೋಚನೆ ಬೇಡ. ಜಗಳ ಇರುವ ಕೋಣೆಗಳಲ್ಲೂ ಎಲ್ಲವೂ ಮುಖ್ಯ ಅಲ್ಲ. ದಿನಕ್ಕೆ ಹತ್ತು ನಿಮಿಷ ಕಾಲಿಡುವ ಉಗ್ರಾಣದಲ್ಲಿ ಯಾವ ನಕ್ಷತ್ರ ಇದ್ದರೇನು? ಏಳೆಂಟು ಗಂಟೆ ಮಲಗುವ ಕೋಣೆಗೆ ಮಾತ್ರ ತಲೆ ಕೊಡಿ.

ಜಗಳ ಬಿಡಿಸುವುದು ಕಣ್ಣು. ಹಳೆಯ ನಿಯಮವೇ ಹಾಗಿದೆ: ನಕ್ಷತ್ರ ತಾನಾಗಿ ಏನೂ ಮಾಡದು, ಹೊರಗಿನ ಆಕಾರ ಅದನ್ನು ಎಬ್ಬಿಸಬೇಕು. ಬೆಟ್ಟದ ನಕ್ಷತ್ರವನ್ನು ಎತ್ತರದ ವಸ್ತು ಎಬ್ಬಿಸುತ್ತದೆ, ನೀರಿನ ನಕ್ಷತ್ರವನ್ನು ನೀರು, ರಸ್ತೆ, ಓಡಾಟ ಎಬ್ಬಿಸುತ್ತವೆ. ಹಾಗಾಗಿ ಪೂರ್ವದ ಕಿಟಕಿ ತೆರೆದು ನೋಡಿ. ಹೊರಗೆ ತಣ್ಣಗಿನ ತೋಟ, ಸದ್ದಿಲ್ಲ, ಬೆಳಗಿನ ಬಿಸಿಲು ಅಂದರೆ 2-5 ಮಲಗಿದೆ, ನೀವೂ ಮಲಗಿ. ಎದುರಿಗೇ ಎತ್ತರದ ಕಟ್ಟಡ ಇದ್ದರೆ 2 ಎದ್ದಿದೆ. ವಾಹನ ಹರಿಯುವ ರಸ್ತೆ ಇದ್ದರೆ 5 ಎದ್ದಿದೆ. ಅಂಥ ರಸ್ತೆಯ ಪಕ್ಕ ನಿದ್ದೆ ಬರಲ್ಲ ಅನ್ನುವುದಕ್ಕೆ ನಕ್ಷತ್ರವೂ ಬೇಡ, ಅದು ಬೇರೆ ಮಾತು.

ನಮ್ಮ ಮನೆಯ ಪೂರ್ವಕ್ಕೆ ರಸ್ತೆ ಇದೆ ಅಂತಿಟ್ಟುಕೊಳ್ಳಿ. ಹಾಸಿಗೆ ಎಲ್ಲಿಗೆ? ನೈಋತ್ಯಕ್ಕೆ ನಕ್ಷತ್ರ ಚೆನ್ನಾಗಿದೆ, ಆದರೆ ಕಾನ್ ಮನೆಗೆ ಅದೇ ಎಲ್ಲಕ್ಕಿಂತ ಕೆಟ್ಟ ಜಾಗ. ಉತ್ತರದಲ್ಲಿ ಬೆಟ್ಟದ ನಕ್ಷತ್ರ 9, ಅಂದರೆ ಈಗ ನಡೆಯುತ್ತಿರುವ ಅವಧಿಯದ್ದೇ, ಜನರಿಗೆ ತುಂಬಾ ಒಳ್ಳೆಯದು. ಮನೆಯ ಲೆಕ್ಕದಲ್ಲೂ ಉತ್ತರ ನೆಮ್ಮದಿಯ ಜಾಗ. ನಾನಾದರೆ ಉತ್ತರದ ಕೋಣೆ ಆರಿಸುತ್ತೇನೆ. 9 ಮತ್ತು 7 ಜೊತೆಯಾದರೆ ಬೆಂಕಿಯ ಭಯ ಅಂತ ಹೇಳುತ್ತಾರೆ, ಆದ್ದರಿಂದ ಆ ಕೋಣೆಯಲ್ಲಿ ಮೇಣದ ಬತ್ತಿ, ಹೀಟರ್, ಕೆಂಪು ಬಣ್ಣ ಬೇಡ.

ಗಂಡನಿಗೆ ಉತ್ತರ ಆಗದಲ್ಲ? ಅದಕ್ಕೆ ತಲೆಯ ದಿಕ್ಕು ಇದೆ. ಉತ್ತರದ ಕೋಣೆಯಲ್ಲೇ ಪೂರ್ವದ ಗೋಡೆಗೆ ತಲೆ ಇಟ್ಟರೆ ಹೆಂಡತಿಗೆ ಅತ್ಯುತ್ತಮ. ಗಂಡನಿಗೆ ಅದು ಹುವೊ ಹಾಯ್, ನಾಲ್ಕು ಕೆಟ್ಟದ್ದರಲ್ಲಿ ತೀರಾ ಸೌಮ್ಯವಾದದ್ದು. ಪಶ್ಚಿಮಕ್ಕೆ ಇಟ್ಟರೆ ಗಂಡನಿಗೆ ತಿಯಾನ್ ಯಿ, ಆದರೆ ಹೆಂಡತಿಗೆ ವು ಗುಯ್, ಅದು ಜೋರು. ಒಬ್ಬರಿಗೆ ಪೂರ್ತಿ ಲಾಭ, ಇನ್ನೊಬ್ಬರಿಗೆ ಸಣ್ಣ ನಷ್ಟ, ಆದ್ದರಿಂದ ಪೂರ್ವ. ಗಂಡನ ಬರೆಯುವ ಮೇಜನ್ನು ಅವನ ದಿಕ್ಕಿಗೆ ತಿರುಗಿಸಿ ಸರಿದೂಗಿಸಬಹುದು.

ಇನ್ನು ವರ್ಷದ ನಕ್ಷತ್ರ, ಅಂದರೆ ವರ್ಷ ವರ್ಷವೂ ಜಾಗ ಬದಲಿಸುವ ಸಂಖ್ಯೆ. ಇದನ್ನು ನೋಡಿ ಪ್ರತಿ ವರ್ಷ ಹಾಸಿಗೆ ಎಳೆದಾಡುವವರಿದ್ದಾರೆ, ಅದು ನನಗೆ ಅತಿ ಅನಿಸುತ್ತದೆ. ನಾನು ಇದನ್ನು ನೋಡುವುದು ಗೋಡೆ ಒಡೆಯುವ, ನೆಲ ಅಗೆಯುವ ಮುಂಚೆ ಮಾತ್ರ. 2025ರಲ್ಲಿ 5 ಈಶಾನ್ಯದಲ್ಲಿತ್ತು, 2026ರಲ್ಲಿ ದಕ್ಷಿಣಕ್ಕೆ, 2027ರಲ್ಲಿ ಉತ್ತರಕ್ಕೆ. ಪ್ರತಿ ವರ್ಷವೂ ಫೆಬ್ರವರಿ 4ರ ಸುಮಾರಿಗೆ ಬದಲು. 2026 ಕುದುರೆಯ ವರ್ಷ, ತಾಯ್ ಸುಯ್ (ವರ್ಷದ ಅಧಿಪತಿ, ಅವನಿರುವ ದಿಕ್ಕನ್ನು ಕದಡಬಾರದು ಅಂತಾರೆ) ಕೂಡ ದಕ್ಷಿಣದಲ್ಲೇ. ನಮ್ಮ ಮನೆಯ ಮುಂಬಾಗಿಲೇ ಅಲ್ಲಿದೆ. ಚೌಕಟ್ಟು ಬದಲಿಸುವ ಆಲೋಚನೆ ಇದ್ದರೆ 2027ರ ಫೆಬ್ರವರಿ ಕಳೆಯಲಿ.

ಖಾಲಿಯಾದ ಪೂರ್ವದ ಕೋಣೆಗೆ ಬಟ್ಟೆ ಬೀರು, ಇಸ್ತ್ರಿ ಮೇಜು ಹೋಗಲಿ. 2 ಮತ್ತು 5 ಎರಡೂ ಮಣ್ಣು. ಬೆಂಕಿ ಮಣ್ಣನ್ನು ಬೆಳೆಸುತ್ತದೆ, ಲೋಹ ಅದರ ಶಕ್ತಿ ಕಳೆಯುತ್ತದೆ. ಹಾಗಾಗಿ ಕೆಂಪು ಪರದೆ ಇದ್ದರೆ ತೆಗೆದು ಬಿಳಿಯದು ಹಾಕಿ. ಅಟ್ಟದ ಮೇಲಿನ ಹಳೆಯ ಹಿತ್ತಾಳೆ ಪಾತ್ರೆಗಳನ್ನು ಅಲ್ಲಿಡಿ. ಹೊಸದಾಗಿ ಏನೂ ಕೊಳ್ಳಬೇಡಿ. ಹಾಸಿಗೆ ಬದಲಿಸಿದ ತಾರೀಕನ್ನು ರಟ್ಟಿನ ಹಿಂದೆ ಬರೆದಿಟ್ಟು, ಮೂರು ತಿಂಗಳು ನಿದ್ದೆ ಹೇಗಿತ್ತು ಅಂತ ವಾರಕ್ಕೊಂದು ಸಾಲು ಗುರುತು ಹಾಕಿಕೊಳ್ಳಿ.